ಹಾಡಿದ ಮಾತು ನಮ್ಮದೇ?

ಆಂಗ್ಲ ಸ್ತೋತ್ರಪುಸ್ತಕಗಳಲ್ಲಿ ಗೀತೆಯ ಬಳಿ 8.6.8.6 ಎಂಬ ಅಂಕಿಗಳನ್ನು ನೀವು ಕಂಡಿರಬಹುದು. ಅವು ನಾಲ್ಕು ಸಾಲುಗಳ ಅಕ್ಷರಸಂಖ್ಯೆ. ಕೊಲೆ, ವಿರಹ, ಗಡಿಕಾಳಗಗಳನ್ನು ಹಾಡಿದ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳ ಹಳೆಯ ಲಾವಣಿಗಳೂ ಬಹುಮಟ್ಟಿಗೆ ಇದೇ ಅಳತೆಯಲ್ಲಿ ನಡೆಯುತ್ತವೆ. 1650ರ ಸ್ಕಾಟಿಷ್ ಕೀರ್ತನಾಪುಸ್ತಕದಲ್ಲಿ ಹೆಚ್ಚಿನವು ಈ ಅಳತೆಯವೇ. ಅಳತೆ ಒಂದಾದರೆ ಯಾವ ಪದಕ್ಕೂ ಯಾವ ರಾಗವೂ ಒದಗುತ್ತದೆ.

ಈ ಸಲೀಸುತನದಲ್ಲೇ ಒಂದು ಪ್ರಶ್ನೆಯಿದೆ. ಛಂದಸ್ಸು ನಾಲಿಗೆಯನ್ನು ಮುಂದೆ ಒಯ್ಯುತ್ತದೆ, ಮನಸ್ಸು ಹಿಂದೆಯೇ ಉಳಿಯಬಹುದು. ಹಾಗೆ ಹಾಡಿದ ಮಾತು ಸುಳ್ಳಾಗುವುದೇ? ಸ್ಕಾಟ್ಲೆಂಡಿನ ಭಕ್ತರು ರಾಗದ ಅಭ್ಯಾಸಕ್ಕೆ ಪವಿತ್ರ ವಚನಗಳನ್ನು ಬಳಸಲು ಅಂಜಿ, ಅದೇ ಅಳತೆಯ ಲೌಕಿಕ ಪದ್ಯಗಳನ್ನು ಕಟ್ಟಿಕೊಂಡಿದ್ದರು. ಇದು ಅತಿಯೆನಿಸಿದರೂ ಅವರ ಅಂಜಿಕೆ ಹುಸಿಯಲ್ಲ.

ಜಾನ್ ನ್ಯೂಟನ್ನನನ್ನು ನೋಡಿರಿ. 1748ರ ಬಿರುಗಾಳಿಯಲ್ಲಿ ದೇವರತ್ತ ತಿರುಗಿದ ಈತ, ಆ ಬಳಿಕವೂ 1754ರವರೆಗೆ ಗುಲಾಮರನ್ನು ಸಾಗಿಸುವ ಹಡಗುಗಳಲ್ಲಿ ಕಪ್ತಾನನಾಗಿದ್ದನು. ‘ಅಮೇಜಿಂಗ್ ಗ್ರೇಸ್’ ಗೀತೆಯನ್ನು ಇದೇ 8.6.8.6ರಲ್ಲಿ, 1773ರ ಹೊಸವರ್ಷದ ಪ್ರಸಂಗಕ್ಕಾಗಿ ರಚಿಸಿದನು. (ಇಂದು ನಾವು ಬಲ್ಲ ರಾಗ ಅದಕ್ಕೆ ಜೊತೆಯಾದುದು 1835ರಲ್ಲಿ, ಅಮೆರಿಕದಲ್ಲಿ.) ಗುಲಾಮ ವ್ಯಾಪಾರವನ್ನು ಖಂಡಿಸಿ ಆತ ಕಿರುಹೊತ್ತಗೆ ಪ್ರಕಟಿಸಿದ್ದು ಮಾತ್ರ 1788ರಲ್ಲಿ.

ನಡುವಿನ ಹದಿನೈದು ವರ್ಷ ಆ ಗೀತೆ ಸುಳ್ಳಾಗಿತ್ತೆಂದು ನನಗನಿಸುವುದಿಲ್ಲ. ಕವಿಗೆ ಪೂರ್ತಿ ಅರ್ಥವಾಗದ ಮಾತನ್ನು ಛಂದಸ್ಸು ಕೆಡದಂತೆ ಕಾದಿರಿಸಿತ್ತು. ಆದರೆ ಹಡಗಿನ ತಳದಲ್ಲಿ ಸಂಕೋಲೆಯಲ್ಲಿದ್ದವರಿಗೆ ಈ ಉತ್ತರವನ್ನು ಹೇಳಲು ನಮ್ಮಲ್ಲಿ ಯಾರಿಗೆ ಬಾಯಿ ಬಂದೀತು?