ಮೊಲದ ಕೊಂಬು, ಋಷಿಯ ಕೊಂಬು

ಬಳ್ಳಾರಿ ಪೇಟೆಯ ಸ್ಕೂಲ್ ಬ್ಯಾಗುಗಳ ಮೇಲೆ, ಹುಟ್ಟುಹಬ್ಬದ ಕೇಕುಗಳ ಮೇಲೆ ಈಗ ಬಿಳಿ ಕುದುರೆಯೊಂದು ಕಾಣಿಸುತ್ತದೆ. ಹಣೆಯ ನಡುವೆ ಸುರುಳಿ ಸುತ್ತಿದ ಒಂದೇ ಕೊಂಬು. ಇದು ಯೂನಿಕಾರ್ನ್ ಎಂದು ಪುಟ್ಟ ಮಕ್ಕಳೂ ಗುರುತು ಹಿಡಿಯುತ್ತಾರೆ. ಬೆಂಗಳೂರಿನಲ್ಲಿ ಅದೇ ಹೆಸರು ನೂರು ಕೋಟಿ ಡಾಲರ್ ಬೆಲೆ ಮುಟ್ಟಿದ ಸ್ಟಾರ್ಟಪ್‌ಗಳಿಗೆ ಸಲ್ಲುತ್ತದೆ. 2013ರಲ್ಲಿ ಅಮೆರಿಕದ ಹೂಡಿಕೆದಾರೆ ಐಲೀನ್ ಲೀ ಇಟ್ಟ ಹೆಸರದು. ಯಾರೂ ಕಂಡಿಲ್ಲದ ಪ್ರಾಣಿ ಎಲ್ಲರಿಗೂ ಗೊತ್ತಿದೆ. ಇಲ್ಲದ್ದು ಹೀಗೆ ತಿಳಿಯುವುದಾದರೂ ಹೇಗೆ?

ಈ ಪ್ರಶ್ನೆಗೆ ನಮ್ಮ ದರ್ಶನಕಾರರು ಕುದುರೆಯನ್ನು ಹುಡುಕಲಿಲ್ಲ, ಮೊಲವನ್ನು ಹಿಡಿದರು. ಶಶಶೃಂಗ, ಅಂದರೆ ಮೊಲದ ಕೊಂಬು, ಇಲ್ಲದ್ದಕ್ಕೆ ಅವರು ಕೊಡುವ ಹಳೆಯ ಉದಾಹರಣೆ. ನೈಯಾಯಿಕರ ಉತ್ತರ ಅಚ್ಚುಕಟ್ಟಾಗಿದೆ: ಮೊಲವೂ ಇದೆ, ಕೊಂಬೂ ಇದೆ, ಒಂದರ ಮೇಲೊಂದು ಇಲ್ಲ, ಅಷ್ಟೇ. ಅದ್ವೈತಿಗಳು ಇನ್ನೊಂದು ಗೆರೆ ಎಳೆದರು. ಹಗ್ಗದಲ್ಲಿ ಕಂಡ ಹಾವು ಕ್ಷಣಕಾಲವಾದರೂ ತೋರಿ ಹೆದರಿಸುತ್ತದೆ, ಆದ್ದರಿಂದ ಅದು ಮಿಥ್ಯೆ. ಮೊಲದ ಕೊಂಬು ಎಂದೂ ಯಾರಿಗೂ ತೋರುವುದೇ ಇಲ್ಲ. ಅದು ಬರೀ ತುಚ್ಛ.

ಮಧ್ವಾಚಾರ್ಯರು ಇಲ್ಲಿಯೇ ತಡೆದು ಕೇಳುತ್ತಾರೆ. ಅಸತ್ತು, ಅಂದರೆ ಇಲ್ಲದ್ದು, ತೋರುವುದಿಲ್ಲ ಎನ್ನುವವನಿಗೆ ಅಸತ್ತು ಯಾವುದೆಂದು ತಿಳಿದಿದೆಯೋ ಇಲ್ಲವೋ? ತಿಳಿದಿದ್ದರೆ ಅವನ ಮಾತು ಬಿತ್ತು. ತಿಳಿಯದಿದ್ದರೆ ಅವನು ಯಾವುದನ್ನು ಅಲ್ಲಗಳೆಯುತ್ತಿದ್ದಾನೆ? ಮಿಥ್ಯೆಯ ಈ ವಾದವನ್ನು ವಿಜಯನಗರದ ಕಾಲದಲ್ಲಿ ವ್ಯಾಸತೀರ್ಥರು 'ನ್ಯಾಯಾಮೃತ'ದಲ್ಲಿ ಎಳೆ ಎಳೆಯಾಗಿ ಬಿಡಿಸಿದರು. ಅದಕ್ಕೆ ಮಧುಸೂದನ ಸರಸ್ವತಿಯವರು 'ಅದ್ವೈತಸಿದ್ಧಿ'ಯಲ್ಲಿ ಉತ್ತರ ಕೊಟ್ಟರು. 1539ರಲ್ಲಿ ತೀರಿಕೊಂಡ ವ್ಯಾಸತೀರ್ಥರ ಬೃಂದಾವನ ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿದೆ. ಒಂಟಿಕೊಂಬಿನ ಕುದುರೆಯ ಮಟ್ಟಿಗೆ ಮಧ್ವರ ಮಾತೇ ಸರಿ. ಅದು ಇಲ್ಲ ಎಂದು ಹೇಳಲಿಕ್ಕೂ ಅದನ್ನು ಮನಸ್ಸಿಗೆ ತಂದುಕೊಳ್ಳಲೇಬೇಕು.

ಆದರೆ ಮನಸ್ಸಿಗೆ ಬಂದದ್ದಕ್ಕೆಲ್ಲ ಜನ ಕೈಮುಗಿಯುವುದಿಲ್ಲ. ಮೊಲದ ಕೊಂಬಿಗೆ ಎಲ್ಲಿಯೂ ಗುಡಿಯಿಲ್ಲ. ಋಷಿಯ ಕೊಂಬಿಗೆ ಇದೆ.

ಮಹಾಭಾರತದ ವನಪರ್ವದಲ್ಲಿ ಲೋಮಶರು ಪಾಂಡವರಿಗೆ ಹೇಳುವ ಕಥೆ ಅದು. ವಿಭಾಂಡಕನ ಮಗ ಋಷ್ಯಶೃಂಗ ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿದವನು, ತಲೆಯ ಮೇಲೆ ಕೊಂಬುಳ್ಳವನು, ತಂದೆಯ ಹೊರತು ಬೇರೆ ಮನುಷ್ಯರನ್ನೇ ಕಾಣದವನು. ಅಂಗದೇಶದಲ್ಲಿ ಮಳೆ ಹೋದಾಗ ಅರಸ ಲೋಮಪಾದ ವೇಶ್ಯೆಯರನ್ನು ಕಳಿಸಿ ಅವನನ್ನು ಕರೆಸುತ್ತಾನೆ. ಬಂದವಳನ್ನು ಹುಡುಗ ಯಾರೋ ತಪಸ್ವಿಯೆಂದೇ ತಿಳಿಯುತ್ತಾನೆ. ಅವನು ಊರು ಸೇರಿದ್ದೇ ತಡ, ಮಳೆ ಸುರಿಯುತ್ತದೆ.

ಕನ್ಯೆಯ ಮಡಿಲಿಗೆ ಮಾತ್ರ ಒಲಿದು ಸೆರೆಯಾಗುವ ಯೂನಿಕಾರ್ನ್ ಕಥೆ ಯುರೋಪಿನಲ್ಲಿ ಹಬ್ಬಿದ್ದು 'ಫಿಸಿಯೋಲಾಗಸ್' ಎಂಬ ಹಳೆಯ ಕ್ರೈಸ್ತ ಗ್ರಂಥದಿಂದ. ಋಷ್ಯಶೃಂಗನ ಕಥೆಗೂ ಇದಕ್ಕೂ ನಂಟಿದೆ ಎಂದ ವಿದ್ವಾಂಸರಿದ್ದಾರೆ. ಬೌದ್ಧರ ಜಾತಕಗಳಲ್ಲಿಯೂ ಇದೇ ಮುನಿ ಬರುತ್ತಾನೆ. ಜಪಾನಿನ ನೋ ನಾಟಕದಲ್ಲಿ ಅವನು ಇಕ್ಕಾಕು ಸೆನ್ನಿನ್, ಮಳೆಯ ನಾಗಗಳನ್ನು ಕೂಡಿಹಾಕಿದ ಒಂಟಿಕೊಂಬಿನ ಋಷಿ. ಕೊಂಬು, ಹೆಣ್ಣು, ಮಳೆ ಮೂರೂ ಅಲ್ಲಿಯೂ ಜೊತೆಯಾಗಿವೆ.

ಕನ್ನಡನಾಡಿನಲ್ಲಿ ಅವನ ನೆಲೆ ಶೃಂಗೇರಿ ಬಳಿಯ ಕಿಗ್ಗ. ಮಳೆ ಕೈಕೊಟ್ಟರೆ ಬರಲಿ ಎಂದು, ಮಿತಿ ಮೀರಿದರೆ ನಿಲ್ಲಲಿ ಎಂದು ಜನ ಋಷ್ಯಶೃಂಗೇಶ್ವರನಿಗೆ ಹರಕೆ ಹೊರುತ್ತಾರೆ. ಆ ಸೀಮೆಯ ಮಳೆ ತುಂಗೆಗೆ ಬೀಳುತ್ತದೆ, ಕೂಡಲಿಯಲ್ಲಿ ಭದ್ರೆಯನ್ನು ಸೇರುತ್ತದೆ, ಹೊಸಪೇಟೆಯ ಅಣೆಕಟ್ಟಿನಲ್ಲಿ ನಿಂತು ಕಾಲುವೆಗೆ ಇಳಿದು ಬಳ್ಳಾರಿ ಸೀಮೆಯ ಸಿರುಗುಪ್ಪದ ಭತ್ತದ ಗದ್ದೆಗೆ ಬರುತ್ತದೆ. ಮಲೆನಾಡಿನಲ್ಲಿ ಮಳೆ ಬಿದ್ದಿತೇ ಎಂದು ಸಿರುಗುಪ್ಪದ ರೈತ ಜೂನಿನಿಂದಲೇ ವಿಚಾರಿಸುತ್ತಾನೆ. ಅವನ ಅನ್ನ ನಿಂತಿರುವುದು ಆ ನೀರಿನ ಮೇಲೆ. ಕೊಂಬಿನ ಋಷಿ ನಿಜವಾಗಿ ಇದ್ದನೇ ಎಂಬ ಪ್ರಶ್ನೆಗಿಂತ, ಆ ಕಥೆ ಯಾವ ಹಸಿವಿಗೆ ಮಾತು ಕೊಟ್ಟಿತು ಎಂಬ ಪ್ರಶ್ನೆಯೇ ದೊಡ್ಡದು.

ಬಳ್ಳಾರಿ ಸೀಮೆ ತಾನಾಗಿ ಆರಿಸಿಕೊಂಡದ್ದು ಮಾತ್ರ ಎರಡು ಕೊಂಬಿನ ಎತ್ತು. ಕುರುಗೋಡಿನಲ್ಲಿ ಆಳೆತ್ತರವನ್ನೂ ಮೀರಿದ ಏಕಶಿಲೆಯ ನಂದಿ ಶಿವನ ಮುಂದೆ ಕಾದು ಕುಳಿತ ವಾಹನವಲ್ಲ. ದೊಡ್ಡಬಸವೇಶ್ವರನೆಂದು ತಾನೇ ಗರ್ಭಗುಡಿಯ ದೈವ. ಅದಕ್ಕೂ ಸಾವಿರಾರು ವರ್ಷ ಹಿಂದೆ ಸಂಗನಕಲ್ಲು–ಕಪ್ಪಗಲ್ಲಿನ ಹಿರೇಗುಡ್ಡದಲ್ಲಿ ದನಗಾಹಿಗಳು ಕರಿಬಂಡೆಯನ್ನು ಕಲ್ಲಿನಿಂದ ಕುಟ್ಟಿ ಕುಟ್ಟಿ ಎತ್ತುಗಳನ್ನು ಮೂಡಿಸಿದರು. ಮೈ ಪಕ್ಕದಿಂದ ಕಾಣುತ್ತದೆ, ಡುಬ್ಬ ಎದ್ದು ನಿಂತಿದೆ, ಉದ್ದನೆಯ ಕೊಂಬುಗಳು ಎರಡೂ ಕಾಣುತ್ತವೆ. ಕುಡತಿನಿಯ ಬೂದಿದಿಬ್ಬ ಅಂಥ ದನಗಾಹಿಗಳೇ ಸುಟ್ಟ ಸಗಣಿಯ ರಾಶಿ.

ಇದಕ್ಕೆ ತಿರುಗಾಗಿ, ಸಿಂಧೂ ಕಣಿವೆಯ ಅರ್ಧಕ್ಕಿಂತ ಹೆಚ್ಚು ಮುದ್ರೆಗಳಲ್ಲಿ ಇರುವುದು ಒಂಟಿಕೊಂಬಿನ ಪ್ರಾಣಿ. ಅದು ಪಕ್ಕದಿಂದ ಬಿಡಿಸಿದ ಎತ್ತು, ಇನ್ನೊಂದು ಕೊಂಬು ಮರೆಯಾಗಿದೆ ಎಂಬ ವಾದವುಂಟು. ಅದು ಒಪ್ಪುವಂತಿಲ್ಲ. ಅದೇ ಮುದ್ರೆಗಾರರು ಡುಬ್ಬದ ಗೂಳಿಗೆ ಎರಡು ಕೊಂಬು ಕೊರೆದಿದ್ದಾರೆ. ಒಂದೇ ಕೊಂಬಿನ ಮಣ್ಣಿನ ಗೊಂಬೆಗಳೂ ಸಿಕ್ಕಿವೆ. ಅವರು ಬೇಕೆಂದೇ ಒಂದನ್ನು ಕಲ್ಪಿಸಿಕೊಂಡರು. ಹಿರೇಗುಡ್ಡದವರು ಸಾಕಿದ್ದನ್ನೇ ಪೂಜ್ಯವೆಂದು ಕಂಡಿರಬೇಕು. ಎರಡೂ ಶ್ರದ್ಧೆಯೇ. ಆದರೂ ಕಣ್ಣೆದುರಿನ ಪ್ರಾಣಿಯಲ್ಲಿ ದೈವ ಕಾಣುವುದು ಹೆಚ್ಚು ಕಷ್ಟದ ಕೆಲಸ, ಹೆಚ್ಚು ದೊಡ್ಡ ಕೆಲಸ.

ಹಿರೇಗುಡ್ಡದ ಬಂಡೆಗಳಿಗೆ ಕಲ್ಲುಗಣಿಗಾರಿಕೆ ಈಗಾಗಲೇ ಪೆಟ್ಟು ಕೊಟ್ಟಿದೆ. ಒಡೆದ ಎತ್ತನ್ನು ಮತ್ತೆ ಯಾರೂ ಬಿಡಿಸಲಾರರು. ಬಳ್ಳಾರಿಯ ಶಾಲೆಗಳು ಮಕ್ಕಳನ್ನು ಮೊದಲು ನಗರದಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯಕ್ಕೆ, ಆಮೇಲೆ ಹಿರೇಗುಡ್ಡಕ್ಕೆ ಕರೆದೊಯ್ಯಲಿ. ಯೂನಿಕಾರ್ನ್ ಬ್ಯಾಗು ಹೆಗಲಲ್ಲಿದ್ದರೂ ಅಡ್ಡಿಯಿಲ್ಲ.