ಪ್ರಯಾಣದ ಎರಡು ಕಿಸೆಗಳು

ನಮ್ಮ ಆಪಾಳ ಮಗ ಬೆಂಗಳೂರಿನಲ್ಲಿ ಸ್ಪೋರ್ಟ್ಸ್ ಮಾರ್ಕೆಟಿಂಗ್ ಕೆಲಸ ಮಾಡುತ್ತಾನೆ. ಪಂದ್ಯಗಳಿಗೆ ಪ್ರಾಯೋಜಕರನ್ನು ಹುಡುಕುವುದು, ಬಂದ ಪ್ರಾಯೋಜಕರನ್ನು ಸಂತೋಷವಾಗಿಡುವುದು ಅವನ ಉದ್ಯೋಗ. ತಿಂಗಳಲ್ಲಿ ಹತ್ತು ಹದಿನೈದು ದಿನ ಊರಿನಲ್ಲಿ ಇರುವುದಿಲ್ಲ. ಒಮ್ಮೆ ದುಬೈಯಿಂದ ಮರಳಿದವನ ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು, ಫೋನಿನ ತುಂಬ ಮರಳುಗಾಡಿನ ಜೀಪು ಸವಾರಿಯ ಫೋಟೋಗಳಿದ್ದವು. ಅವುಗಳನ್ನು ಒಂದೊಂದಾಗಿ ನೋಡಿದ ಆಪಾ ಕೇಳಿದಳು:

"ನೀನು ಕೆಲಸಕ್ಕೆ ಹೋಗಿದ್ದೆಯೋ, ಆಟಕ್ಕೆ ಹೋಗಿದ್ದೆಯೋ?"

"ಎರಡಕ್ಕೂ ಅಮ್ಮೀ. ಒಂದೇ ಟಿಕೆಟ್‌ನಲ್ಲಿ ಎರಡೂ ಆದರೆ ತಪ್ಪೇನು?"

ಆಪಾ ನಮ್ಮ ಕಡೆ ತಿರುಗಿದಳು. ಮನೆಯಲ್ಲಿ ನಾಲ್ಕಕ್ಷರ ಬರೆಯುವವರಿದ್ದರೆ ಇಂಥ ಪ್ರಶ್ನೆಗಳು ಅವರ ತಲೆಗೇ ಬರುತ್ತವೆ. ಅಂದು ನಾವು ನಕ್ಕು ಮಾತು ಮರೆಸಿದೆವು. ಆದರೆ ಪ್ರಶ್ನೆ ಮರೆಯಲಿಲ್ಲ.

ಮೊದಲು ನಮ್ಮೊಳಗಿನ ಒಂದು ಪೂರ್ವಗ್ರಹವನ್ನು ಒಪ್ಪಿಕೊಳ್ಳೋಣ. ದುಡಿಮೆ ಎಂದರೆ ಕಷ್ಟ, ಕಷ್ಟವಿಲ್ಲದ ಗಳಿಕೆ ಹಲಾಲ್ ಅಲ್ಲ ಎಂಬ ಭಾವನೆ ನಮ್ಮ ಹಿರಿಯರಲ್ಲಿತ್ತು, ನಮ್ಮಲ್ಲೂ ಇದೆ. ನಗುತ್ತ ಕೆಲಸ ಮಾಡುವವನನ್ನು ಕಂಡರೆ ಇವನೇನೋ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ಅನುಮಾನಿಸುತ್ತೇವೆ. ಇದು ನ್ಯಾಯವಲ್ಲ. ಮದುವೆ ಮನೆಯಲ್ಲಿ ಬಿರಿಯಾನಿಯ ದಮ್ ಒಡೆಯುವ ಬಾವರ್ಚಿಯ ಮುಖ ನೋಡಿದವರಿಗೆ ಗೊತ್ತು, ಅವನ ಕೂಲಿ ಬೇರೆ, ಆ ಗಳಿಗೆಯ ಹಿಗ್ಗು ಬೇರೆ. ಆ ಹಿಗ್ಗನ್ನು ಅವನ ಕೂಲಿಯಿಂದ ಕಳೆಯಬೇಕೆಂದು ಯಾರೂ ಹೇಳುವುದಿಲ್ಲ. ಹಾಗಿರುವಾಗ ಸೋದರಳಿಯನ ಜೀಪು ಸವಾರಿ ಮಾತ್ರ ಏಕೆ ನಮ್ಮನ್ನು ಚುಚ್ಚಬೇಕು?

ಅವನ ಕಸುಬಿನ ಹುಟ್ಟೇ ಅಂಥದ್ದು. 1960ರಲ್ಲಿ ಅಮೆರಿಕದ ವಕೀಲ ಮಾರ್ಕ್ ಮೆಕಾರ್ಮ್ಯಾಕ್, ಗಾಲ್ಫ್ ಆಟಗಾರ ಆರ್ನಾಲ್ಡ್ ಪಾಮರ್ ಅವರ ವ್ಯವಹಾರ ನೋಡಿಕೊಳ್ಳಲು ಒಪ್ಪಿದರು. ಆ ಒಪ್ಪಂದ ಬರಿಯ ಕೈಕುಲುಕಿನಿಂದ ಆಯಿತೆಂದು ಪ್ರಸಿದ್ಧಿ. ಮುಂದೆ ಜಗತ್ತಿನ ದೊಡ್ಡ ಕ್ರೀಡಾ ವ್ಯಾಪಾರ ಸಂಸ್ಥೆಗಳಲ್ಲಿ ಒಂದಾದ ಐಎಂಜಿ ಬೆಳೆದದ್ದು ಅಲ್ಲಿಂದ. ಮೆಕಾರ್ಮ್ಯಾಕ್ ಸ್ವತಃ ಗಾಲ್ಫ್ ಆಡುತ್ತಿದ್ದವರು. ಅವರಿಗೆ ಆಟದ ಹುಲ್ಲುಗಾವಲೇ ಕಚೇರಿಯಾಗಿತ್ತು.

ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಮಾರ್ಕ್ ಮಸ್ಕರೇನಸ್ ಅವರನ್ನು ಎಷ್ಟು ಕನ್ನಡಿಗರು ನೆನೆಯುತ್ತಾರೋ! ಅಮೆರಿಕದಲ್ಲಿ ವರ್ಲ್ಡ್‌ಟೆಲ್ ಎಂಬ ಸಂಸ್ಥೆ ಕಟ್ಟಿ, 1996ರ ವಿಶ್ವಕಪ್ ಕ್ರಿಕೆಟ್ಟಿನ ಟಿ.ವಿ. ಪ್ರಸಾರದ ಹಕ್ಕು ಕೊಂಡವರು ಅವರು. ಅದಕ್ಕೂ ಮುನ್ನ, 1995ರಲ್ಲಿ, ಸಚಿನ್ ತೆಂಡೂಲ್ಕರ್ ಅವರೊಡನೆ ಕೋಟಿಗಳ ಒಪ್ಪಂದ ಮಾಡಿಕೊಂಡು ದೇಶವನ್ನು ಬೆರಗುಗೊಳಿಸಿದ್ದರು. ಕ್ರಿಕೆಟ್ ಆಟಗಾರನ ಹೆಸರಿಗೆ ಅಷ್ಟು ಬೆಲೆ ಇದೆಯೆಂದು ಅದುವರೆಗೆ ನಮ್ಮಲ್ಲಿ ಯಾರೂ ಎಣಿಸಿರಲಿಲ್ಲ. ಆ ಕಸುಬಿನ ಬದುಕೆಲ್ಲ ವಿಮಾನ, ಹೋಟೆಲು, ಮೈದಾನಗಳ ನಡುವೆ. 2002ರ ಜನವರಿಯಲ್ಲಿ ನಾಗಪುರದ ಸಮೀಪ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು. ನಲವತ್ತರ ನಡುಪ್ರಾಯ. ಅಂಥ ಬದುಕಿನಲ್ಲಿ ಇಷ್ಟು ದಿನ ಕೆಲಸ, ಇಷ್ಟು ದಿನ ವಿನೋದ ಎಂದು ಯಾರು ವಿಂಗಡಿಸಿಯಾರು?

ಬ್ಯಾಂಕಿನ ಗುಮಾಸ್ತ ಸಂಜೆ ಫೈಲು ಮುಚ್ಚಿದರೆ ಕೆಲಸ ಮುಗಿಯುತ್ತದೆ. ಸಂತೋಷವನ್ನೇ ಮಾರುವವನು ಯಾವ ಫೈಲು ಮುಚ್ಚಬೇಕು? ನಮ್ಮ ಸರಕಾರವೂ ಒಮ್ಮೆ ಈ ಗೆರೆ ಎಳೆಯಲು ನೋಡಿತು. 2005ರ ಬಜೆಟ್ಟಿನಲ್ಲಿ ಆಗಿನ ಹಣಕಾಸು ಸಚಿವ ಪಿ. ಚಿದಂಬರಂ ಅವರು ಫ್ರಿಂಜ್ ಬೆನಿಫಿಟ್ ತೆರಿಗೆ ತಂದರು. ಕಂಪೆನಿಗಳು ಪ್ರವಾಸಕ್ಕೆ, ಅತಿಥಿ ಸತ್ಕಾರಕ್ಕೆ, ಮನರಂಜನೆಗೆ ಮಾಡುವ ಖರ್ಚಿನಲ್ಲಿ ಒಂದು ಪಾಲನ್ನು ನೌಕರರ ಸುಖವೆಂದೇ ಎಣಿಸಿ ಅದರ ಮೇಲೆ ತೆರಿಗೆ ಹಾಕುವ ಯೋಜನೆ ಅದು. ಲೆಕ್ಕ ಬರೆಯುವವರು ಬೇಸತ್ತರು, ಉದ್ಯಮಿಗಳು ಗೊಣಗಿದರು. 2009ರಲ್ಲಿ ಪ್ರಣಬ್ ಮುಖರ್ಜಿ ಅವರು ಅದನ್ನು ರದ್ದು ಮಾಡಿದರು. ಸರಕಾರದ ಕೈಯಲ್ಲೇ ನಿಲ್ಲದ ಗೆರೆ, ಇಪ್ಪತ್ತೆಂಟು ವರ್ಷದ ಹುಡುಗನ ಕೈಯಲ್ಲಿ ನಿಲ್ಲುತ್ತದೆಯೇ?

ಆದ್ದರಿಂದ ಕೆಲಸದೊಡನೆ ಖುಷಿ ಬೆರೆಯಬಾರದು ಎನ್ನುವವರ ಪಕ್ಷ ನಾವಲ್ಲ. ನಮಗಿರುವ ಅಳುಕು ಬೇರೆ. ಬೆರೆತ ಮೇಲೆ ಅದರ ಬೆಲೆಯನ್ನು ಯಾರು ಕೊಡುತ್ತಾರೆ?

ಬೆಲೆ ಕೊಡುವವರಲ್ಲಿ ಮೊದಲನೆಯದು ನಂಬಿಕೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಗೆ 2002ರ ಚಳಿಗಾಲದ ಒಲಿಂಪಿಕ್ಸ್ ಹೇಗೆ ದಕ್ಕಿತೆಂಬ ಕಥೆ 1998ರ ಕೊನೆಯಲ್ಲಿ ಹೊರಬಿತ್ತು. ಯಾವ ನಗರಕ್ಕೆ ಕ್ರೀಡಾಕೂಟ ಕೊಡಬೇಕೆಂದು ಮತ ಹಾಕಬೇಕಾಗಿದ್ದ ಒಲಿಂಪಿಕ್ ಸಮಿತಿಯ ಕೆಲವು ಸದಸ್ಯರಿಗೆ ಉಡುಗೊರೆ, ಮೋಜಿನ ಪ್ರವಾಸ, ಮಕ್ಕಳ ಓದಿನ ಖರ್ಚು ಎಲ್ಲವೂ ಸಂದಿತ್ತು. ನಗರ ನೋಡಲು ಹೋಗುವುದು ಅವರ ಕೆಲಸವೇ ಆಗಿತ್ತು. ಕೆಲಸದ ಆ ಚೀಲದಲ್ಲಿ ಸುಖವೂ ಸದ್ದಿಲ್ಲದೆ ಕುಳಿತಿತ್ತು. 1999ರ ಮಾರ್ಚಿನಲ್ಲಿ ಆರು ಸದಸ್ಯರನ್ನು ಉಚ್ಚಾಟಿಸಲಾಯಿತು. ಮುಂದೆ ಸದಸ್ಯರು ಅಂಥ ನಗರಗಳಿಗೆ ಭೇಟಿ ಕೊಡುವುದನ್ನೇ ಸಮಿತಿ ನಿಷೇಧಿಸಿತು. ಆದರೆ ಸತ್ಕಾರ ಮಾಡಿದ ಇಬ್ಬರು ಮುಖ್ಯ ಸಂಘಟಕರ ಮೇಲಿನ ಮೊಕದ್ದಮೆ 2003ರಲ್ಲಿ ಖುಲಾಸೆಯಲ್ಲಿ ಮುಗಿಯಿತು. ಕಾನೂನಿನ ಬಲೆಗೆ ಸಿಕ್ಕದ್ದು ಮನಸ್ಸಾಕ್ಷಿಯ ಬಲೆಗೂ ಸಿಗಬಾರದೆಂದೇನೂ ಇಲ್ಲವಲ್ಲ.

ಇದನ್ನು ಅಳೆಯಲು ಒಂದು ಹಳೆಯ ಅಳತೆಗೋಲಿದೆ. ಪ್ರವಾದಿಯವರು ಝಕಾತ್ ವಸೂಲಿಗೆ ಕಳುಹಿಸಿದ್ದ ಒಬ್ಬರು ಮರಳಿ ಬಂದು, ಇದು ನಿಮ್ಮದು, ಇದು ನನಗೆ ಸಿಕ್ಕ ಉಡುಗೊರೆ ಎಂದು ಎರಡು ರಾಶಿ ಮಾಡಿದರಂತೆ. ತಂದೆತಾಯಿಯ ಮನೆಯಲ್ಲೇ ಕುಳಿತಿದ್ದರೆ ಈ ಉಡುಗೊರೆ ಅಲ್ಲಿಗೆ ಬರುತ್ತಿತ್ತೇ ಎಂದು ಪ್ರವಾದಿಯವರು ಪ್ರಶ್ನಿಸಿದ ಪ್ರಸಂಗ ಹದೀಸಿನಲ್ಲಿದೆ. ಕುರ್ಚಿಗೆ ಬಂದದ್ದು ಯಾವುದು, ಮನುಷ್ಯನಿಗೆ ಬಂದದ್ದು ಯಾವುದು ಎಂದು ತಿಳಿಯಲು ಇದಕ್ಕಿಂತ ಸರಳವಾದ ಪ್ರಶ್ನೆ ನಮಗೆ ಗೊತ್ತಿಲ್ಲ.

ಆದರೆ ಈ ಅಳತೆಗೋಲು ಹಿಡಿದ ಕೂಡಲೇ ಅದು ನಮ್ಮ ಬೆನ್ನಿಗೇ ತಾಗಿತು. ಕೆಲವು ವರ್ಷಗಳ ಹಿಂದೆ ಸೋದರಳಿಯ ನಮ್ಮನ್ನು ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಕರೆದೊಯ್ದಿದ್ದ. ಗಾಜಿನ ಗೋಡೆಯ ತಣ್ಣನೆಯ ಕೋಣೆ, ಮೆತ್ತನೆಯ ಕುರ್ಚಿ, ಕೇಳುವ ಮುನ್ನವೇ ಬರುವ ಕಬಾಬು. ಪ್ರಾಯೋಜಕರ ಪೈಕಿ ಯಾರೋ ಬರಲಾಗದೆ ಉಳಿದ ಪಾಸು ಅದು. ಆ ಪಾಸು ಯಾರದು, ಅದರ ಹಣ ಕೊಟ್ಟವರಾರು ಎಂದು ನಾವು ಕೇಳಲಿಲ್ಲ. ಕತೆಗಾರರೆಂದು ನಾವು ಮನೆಯಲ್ಲೇ ಕುಳಿತಿದ್ದರೆ ಆ ಕಬಾಬು ಅಲ್ಲಿಗೆ ಬರುತ್ತಿತ್ತೇ?

ಬೆಲೆ ಕೊಡುವ ಎರಡನೆಯವರನ್ನು ಅದೇ ರಾತ್ರಿ ಕಂಡೆವು. ಪಂದ್ಯ ಮುಗಿದು ಹೊರಬಂದಾಗ ಹನ್ನೊಂದೂವರೆ ದಾಟಿತ್ತು. ನಮ್ಮನ್ನು ಕರೆತಂದಿದ್ದ ಬಾಡಿಗೆ ಕಾರಿನ ಚಾಲಕ ಸಂಜೆ ಐದರಿಂದ ರಸ್ತೆ ಬದಿಯಲ್ಲಿ ಕಾದಿದ್ದ. ಬಾಗಿಲು ತೆರೆಯುತ್ತ ಕೇಳಿದ:

"ಸಾರ್, ಕೊನೇ ಓವರಿನಲ್ಲಿ ಏನಾಯಿತು? ಕೂಗು ಕೇಳಿಸಿತು, ಫೋನಿನ ಚಾರ್ಜ್ ಮುಗಿದಿತ್ತು."

ಆರು ಗಂಟೆಗಳ ಕಾಲ ಆಟದಿಂದ ನೂರು ಮಾರು ದೂರದಲ್ಲಿದ್ದು ಕೂಗು ಮಾತ್ರ ಕೇಳಿದ ಮನುಷ್ಯ! ಅವನಿಗೆ ಆ ಓವರನ್ನು ಒಂದೊಂದು ಚೆಂಡಿನಂತೆ ವಿವರಿಸಲು ಹೊರಟು ನಾವು ತಡವರಿಸಿದೆವು. ಕಬಾಬಿನ ಗಲಾಟೆಯಲ್ಲಿ ಎರಡು ಚೆಂಡುಗಳನ್ನು ನಾವೇ ನೋಡಿರಲಿಲ್ಲ.

ಶಾರ್ಜಾದ ನೆನಪಾಗುತ್ತದೆ. ಅಲ್ಲಿನ ಉದ್ಯಮಿ ಅಬ್ದುಲ್ ರಹಮಾನ್ ಬುಖಾತಿರ್ ಅವರು 1981ರಲ್ಲಿ ಮರಳುಗಾಡಿಗೆ ದೊಡ್ಡ ಕ್ರಿಕೆಟ್ ತಂದಾಗ, ಹಳೆಯ ಆಟಗಾರರಿಗೆ ನಿಧಿ ಕೂಡಿಸಿಕೊಡುವುದು ಅದರ ಒಂದು ಉದ್ದೇಶವಾಗಿತ್ತು. ವ್ಯಾಪಾರ, ವಿಹಾರ, ಉಪಕಾರ ಮೂರೂ ಒಂದೇ ಪಂದ್ಯದಲ್ಲಿ ಬೆರೆತಿದ್ದವು. ಮೇಲಿನ ಸಾಲಿನಲ್ಲಿ ಸಿನಿಮಾ ತಾರೆಯರು, ಕಂಪೆನಿಗಳ ಅತಿಥಿಗಳು. ಎದುರಿನ ಸಾಲುಗಳಲ್ಲಿ ನಮ್ಮ ಕರಾವಳಿಯಿಂದ, ಕೇರಳದಿಂದ, ಪಾಕಿಸ್ತಾನದಿಂದ ದುಡಿಯಲು ಹೋದವರು. 1998ರ ಏಪ್ರಿಲ್ 24ರಂದು ಸಚಿನ್ ತಮ್ಮ ಹುಟ್ಟುಹಬ್ಬದ ದಿನ ಆಸ್ಟ್ರೇಲಿಯಾದ ವಿರುದ್ಧ ಶತಕ ಹೊಡೆದು ಕಪ್ ಗೆದ್ದುಕೊಟ್ಟಾಗ ಅದು ಶುಕ್ರವಾರವಾಗಿತ್ತು, ಅಲ್ಲಿನ ವಾರದ ರಜೆ. ತನ್ನ ಒಂದು ರಜೆಯನ್ನೂ ತನ್ನ ದಿರ್ಹಮನ್ನೂ ತೆತ್ತು ನೋಡಿದವನ ಆನಂದಕ್ಕೂ, ಕರೆಸಿಕೊಂಡು ಹೋದವನ ಆನಂದಕ್ಕೂ ತೂಕದಲ್ಲಿ ವ್ಯತ್ಯಾಸವಿಲ್ಲವೇ? 2000ದಲ್ಲಿ ಮ್ಯಾಚ್ ಫಿಕ್ಸಿಂಗ್ ಹಗರಣ ಸಿಡಿದ ಮೇಲೆ ಭಾರತ ತಂಡ ಅಲ್ಲಿಗೆ ಹೋಗುವುದು ನಿಂತಿತು. ಮೇಲಿನ ಸಾಲಿನವರು ಬೇರೆ ಊರುಗಳ ಮೇಲಿನ ಸಾಲುಗಳಿಗೆ ಹೋದರು. ಮೋಸಹೋದೆನೆಂಬ ಭಾವನೆ ಉಳಿದದ್ದು ಎದುರಿನ ಸಾಲಿನವನಿಗೆ.

ಇನ್ನೂ ಭಾರವಾದ ಬೆಲೆಯನ್ನು ನಮ್ಮ ನಗರವೇ ಕಂಡಿತು. 2025ರ ಜೂನ್ 3ರ ರಾತ್ರಿ ಬೆಂಗಳೂರು ತಂಡ ಮೊದಲ ಬಾರಿಗೆ ಐಪಿಎಲ್ ಗೆದ್ದಿತು. ಮರುದಿನದ ಸಂಭ್ರಮಾಚರಣೆಗೆ ಬಂದ ಜನಸಾಗರದಲ್ಲಿ, ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ಕಾಲ್ತುಳಿತವಾಗಿ 11 ಮಂದಿ ಪ್ರಾಣ ಕಳೆದುಕೊಂಡರು. ಹೊಣೆಯನ್ನು ತೀರ್ಮಾನಿಸಲು ನ್ಯಾಯಾಲಯಗಳಿವೆ. ನಾವು ಹೇಳುವುದು ಇಷ್ಟೇ: ಒಬ್ಬನಿಗೆ ವಿನೋದವಾಗಿ ಕಾಣುವುದು ಇನ್ನೊಬ್ಬ ಎಚ್ಚರದಿಂದ ಮಾಡಬೇಕಾದ ಕೆಲಸ. ಸಂತೋಷವನ್ನು ಏರ್ಪಡಿಸುವವನು ತಾನೂ ಸಂತೋಷದಲ್ಲಿ ಮೈಮರೆಯುವಂತಿಲ್ಲ. ಲಾರಿ ಓಡಿಸುವವನು ದಾರಿಯ ಚೆಲುವು ನೋಡಬಹುದು, ಆದರೆ ಕಣ್ಣು ರಸ್ತೆ ಬಿಡಬಾರದು.

ಮೂರನೆಯ ಬೆಲೆಯನ್ನು ಕೊಡುವವನು ಸೋದರಳಿಯನೇ. ಅಂದು ಆ ಗಾಜಿನ ಕೋಣೆಯಲ್ಲಿ ಅವನು ಒಂದು ಓವರನ್ನೂ ಕುಳಿತು ನೋಡಲಿಲ್ಲ. ಒಬ್ಬರಿಗೆ ಚಹಾ, ಇನ್ನೊಬ್ಬರಿಗೆ ಆಟಗಾರನ ಹಸ್ತಾಕ್ಷರ, ಮತ್ತೊಬ್ಬರ ಮಗುವಿಗೆ ಟೋಪಿ. ಇಡೀ ಮೈದಾನ ಎದ್ದು ನಿಂತಾಗ ಅವನು ಮೈದಾನಕ್ಕೆ ಬೆನ್ನು ಹಾಕಿ ಅತಿಥಿಗಳ ಮುಖ ನೋಡುತ್ತಿದ್ದ. ಹಿಂದೆ ನಮ್ಮ ಮೊಹಲ್ಲಾದಲ್ಲಿ ಟೆನಿಸ್ ಚೆಂಡಿನ ಆಟಕ್ಕಾಗಿ ಊಟ ಬಿಟ್ಟು ಓಡುತ್ತಿದ್ದ ಹುಡುಗ ಇವನೇ. "ಈಗ ಟಿ.ವಿ.ಯಲ್ಲಿ ಪಂದ್ಯ ಬಂದರೂ ಗಡಿಯ ಮೇಲಿನ ಜಾಹೀರಾತು ಫಲಕಗಳೇ ಕಣ್ಣಿಗೆ ಬೀಳುತ್ತವೆ ಮಾಮೂ" ಎಂದು ಒಮ್ಮೆ ಅವನೇ ಹೇಳಿದ್ದ. ಆ ಮಾತಿನಲ್ಲಿ ನಗುವಿತ್ತು, ಆದರೆ ಸುಖವಿರಲಿಲ್ಲ. ಕೆಲಸದೊಳಗೆ ಖುಷಿಯನ್ನು ತರಲು ಹೊರಟವನು ಖುಷಿಯನ್ನೂ ಕೆಲಸವಾಗಿಸಿಕೊಂಡಿದ್ದ.

ಹಾಗಾದರೆ ಈ ಕಸುಬು ಬಿಡಬೇಕೇ? ಹಾಗೆನ್ನುವುದು ಸುಲಭ, ಅನ್ನುವವರ ಮನೆಯ ಕಂತು ಕಟ್ಟುವವರು ಬೇರೆ ಇದ್ದರೆ ಇನ್ನೂ ಸುಲಭ. ಒಳಗಿದ್ದೇ ಗೆರೆ ಎಳೆದವರೂ ಇದ್ದಾರೆ. ದಕ್ಷಿಣ ಆಫ್ರಿಕಾದ ಹಾಶಿಂ ಆಮ್ಲಾ ಅವರು ತಂಡದ ಪ್ರಾಯೋಜಕರಾಗಿದ್ದ ಬಿಯರ್ ಕಂಪೆನಿಯ ಲಾಂಛನವಿಲ್ಲದ ಅಂಗಿ ತೊಟ್ಟೇ ದೇಶಕ್ಕಾಗಿ ವರ್ಷಗಟ್ಟಲೆ ಆಡಿದರು. ಆಟ ಬಿಡಲಿಲ್ಲ, ಜೊತೆಗಾರರ ಅಂಗಿಯನ್ನು ಹಂಗಿಸಲಿಲ್ಲ. ಮಂಡಳಿಯೂ ಕಂಪೆನಿಯೂ ಅದನ್ನು ಒಪ್ಪಿದವು. ಗೆರೆ ಎಳೆಯಲು ಮೊದಲು ಬೇಕಾದದ್ದು, ಗೆರೆ ಎಲ್ಲಿದೆಯೆಂದು ಬಾಯಿ ಬಿಟ್ಟು ಹೇಳುವ ಧೈರ್ಯ.

ನಮ್ಮ ಅಬ್ಬಾ ಉರ್ದು ಶಾಲೆಯ ಮೇಷ್ಟರು. ಪರೀಕ್ಷೆಯ ಪೇಪರು ತಿದ್ದಲು ಮೈಸೂರಿಗೆ ಹೋಗುತ್ತಿದ್ದರು. ಅವರ ಶೇರ್ವಾನಿಗೆ ಎರಡು ಕಿಸೆ. ಬಲಗಡೆಯದರಲ್ಲಿ ಸರಕಾರ ಕೊಟ್ಟ ಭತ್ಯೆ, ಎಡಗಡೆಯದರಲ್ಲಿ ಸ್ವಂತ ದುಡ್ಡು. ಪೇಪರು ಮುಗಿದ ಸಂಜೆ ಟಾಂಗಾ ಹಿಡಿದು ಅರಮನೆ ನೋಡುತ್ತಿದ್ದರು, ಮೈಸೂರುಪಾಕು ಕೊಳ್ಳುತ್ತಿದ್ದರು. ಆಗ ಕೈ ಹೋಗುತ್ತಿದ್ದದ್ದು ಎಡಗಿಸೆಗೆ. ಅರಮನೆ ನೋಡಿದ್ದಕ್ಕೆ ಅವರಿಗೆ ಎಂದೂ ಪಶ್ಚಾತ್ತಾಪವಾಗಲಿಲ್ಲ. ಮನೆಗೆ ಬಂದು ಆ ದೀಪಗಳನ್ನು ನಮಗೆ ಹೇಳುವಾಗ ಅವರ ಕಣ್ಣಿನಲ್ಲೂ ದೀಪವಿರುತ್ತಿತ್ತು.

ಈ ಕಥೆಯನ್ನು ಸೋದರಳಿಯನಿಗೆ ಹೇಳಿದೆವು. ಅವನು ಸುಮ್ಮನೆ ಕೇಳಿ ಒಂದು ಮಾತು ಹೇಳಿದ.

"ನಾನಾನ ಕಿಸೆಯಲ್ಲಿದ್ದದ್ದು ಚಿಲ್ಲರೆ ಮಾಮೂ, ಎಣಿಸಬಹುದಿತ್ತು. ನನ್ನ ಕಿಸೆಯಲ್ಲಿರುವುದು ಗೆಳೆತನ, ನಗು. ಗ್ರಾಹಕನೊಬ್ಬ ನಿಜವಾಗಿ ಸ್ನೇಹಿತನಾಗಿಬಿಟ್ಟರೆ ಅವನನ್ನು ಯಾವ ಕಿಸೆಗೆ ಹಾಕಲಿ?"

ಮಾತು ನಿಜ. ಎಲ್ಲವನ್ನೂ ಎಣಿಸಲಾಗುವುದಿಲ್ಲ. ಆದರೆ ಎಣಿಸಲಾಗದ್ದನ್ನು ಹೇಳಲಾದರೂ ಬರಬೇಕು. ಪ್ರಯಾಣದ ಖರ್ಚು ಕೊಟ್ಟವನ ಮುಂದೆ, ಹೊರಗೆ ಕಾದು ನಿಂತವನ ಮುಂದೆ, ಮನೆಯಲ್ಲಿ ದಾರಿ ನೋಡಿದವಳ ಮುಂದೆ, ಆ ದಿನಗಳಲ್ಲಿ ನಡೆದದ್ದನ್ನು ಒಂದೂ ಮುಚ್ಚದೆ ಹೇಳಬಹುದಾದರೆ ಆ ಖುಷಿ ನಿನ್ನದೇ, ಇಟ್ಟುಕೋ. ಮೂವರಲ್ಲಿ ಒಬ್ಬರ ಮುಂದಾದರೂ ನಾಲಗೆ ತಡವರಿಸಿದರೆ, ಅಲ್ಲಿ ಯಾರದೋ ಪಾಲು ನಿನ್ನ ಕಿಸೆಗೆ ಬಂದಿದೆ. ಆ ರಾತ್ರಿ ಕಾರಿನಲ್ಲಿ ನಮ್ಮ ನಾಲಗೆ ತಡವರಿಸಿದ್ದು ಏಕೆಂದು ಈಗ ನಮಗೆ ತಿಳಿಯುತ್ತದೆ.

ಮೊನ್ನೆ ಅವನು ಮತ್ತೊಂದು ಪ್ರಯಾಣ ಮುಗಿಸಿ ಬಂದ. ಕೆಲಸ ತೀರಿದ ಮೇಲೆ ಎರಡು ದಿನ ರಜೆ ಹಾಕಿ, ಬೇರೆ ಸಣ್ಣ ಹೋಟೆಲಿಗೆ ಹೋಗಿ, ಊರು ನೋಡಿ ಬಂದಿದ್ದ. ಬಿಲ್ಲು ಅವನದೇ. ಶೂ ಬಿಚ್ಚುವ ಮುನ್ನವೇ ಆಪಾಳ ಹಳೆಯ ಪ್ರಶ್ನೆ ಎದುರಾಯಿತು.

"ನಾಲ್ಕು ದಿನ ಕೆಲಸಕ್ಕೆ, ಎರಡು ದಿನ ಆಟಕ್ಕೆ ಅಮ್ಮೀ."

"ಆ ನಾಲ್ಕು ದಿನ ನಗಲೇ ಇಲ್ಲವೇನೋ?"

"ನಕ್ಕೆ."

"ಸರಿ, ಕೈಕಾಲು ತೊಳೆದು ಬಾ, ಊಟ ಆರುತ್ತಿದೆ" ಎಂದು ಆಪಾ ಅಡುಗೆಮನೆಗೆ ನಡೆದಳು.