ಹದಿಮೂರು ವಾರಕ್ಕೆ ಎಷ್ಟು ಸಾಮಾನು?

ಹೋದ ತಿಂಗಳು ಒಂದು ಶನಿವಾರ ಅಕ್ಕ ಫೋನ್ ಮಾಡಿ, "ಕಾರಿಗೆ ಸಾಮಾನು ತುಂಬಬೇಕು, ಬಾರೋ" ಅಂದ್ಲು. ಅಕ್ಕ ಅಂದ್ರೆ ನಮ್ಮ ದೊಡ್ಡಪ್ಪನ ಮಗಳು. ಮನೆ ಆಸ್ಟಿನ್‌ನಲ್ಲಿ, ಕೆಲಸ ಟ್ರಾವೆಲ್ ನರ್ಸ್. ಅಮೆರಿಕದಲ್ಲಿ ಯಾವ ಆಸ್ಪತ್ರೆಗೆ ನರ್ಸ್‌ಗಳು ಸಾಲದೋ ಅಲ್ಲಿಗೆ ಏಜೆನ್ಸಿ ಮೂಲಕ ಹೋಗಿ, ಸಾಮಾನ್ಯವಾಗಿ 13 ವಾರ ದುಡಿದು, ಗುತ್ತಿಗೆ ಮುಗಿದ ಮೇಲೆ ಇನ್ನೊಂದು ಊರಿಗೆ ಹೊರಡೋದು. ಈ ಸಲ ನ್ಯೂ ಮೆಕ್ಸಿಕೋ. ಲೈಸೆನ್ಸ್ ವಿಷಯದಲ್ಲಿ ಆ ರಾಜ್ಯಕ್ಕೂ ಟೆಕ್ಸಾಸಿಗೂ ಒಪ್ಪಂದವಿದೆ, ಹಾಗಾಗಿ ಇಲ್ಲಿಯ ಲೈಸೆನ್ಸೇ ಸಾಕು. ಕ್ಯಾಲಿಫೋರ್ನಿಯಾ ಆಗಿದ್ರೆ ಬೇರೆ ಮಾಡಿಸಬೇಕಿತ್ತು.

ನಾಲ್ಕು ಸೂಟ್‌ಕೇಸ್ ಇರಬಹುದು ಅಂತ ಹೋದೆ. ಇದ್ದದ್ದು ಒಂದು. ಆಸ್ಪತ್ರೆಯವರು ಹೇಳಿದ ಬಣ್ಣದ ಸ್ಕ್ರಬ್ಸ್ ನಾಲ್ಕು ಜೊತೆ, ಎರಡು ಜೊತೆ ಶೂ, 12 ಗಂಟೆ ನಿಂತ ಕಾಲಿಗೆ ಬಿಗಿ ಸಾಕ್ಸ್. ರಾತ್ರಿ ಪಾಳಿ ಮುಗಿಸಿ ಹಗಲು ಮಲಗೋಕೆ ಕಿಟಕಿಗೆ ಕಪ್ಪು ಪರದೆ. ಚಿಕ್ಕ ಕುಕ್ಕರ್, ರಾಗಿಹಿಟ್ಟು, ಶೇಂಗಾ ಚಟ್ನಿಪುಡಿ. ಒಂದು ಚಳ್ಳಕೆರೆ ಕಂಬಳಿ. ಲೈಸೆನ್ಸ್, ಬಿಎಲ್‌ಎಸ್ ಕಾರ್ಡ್, ಲಸಿಕೆ ದಾಖಲೆ, ಟಿಬಿ ಪರೀಕ್ಷೆ, ಗುತ್ತಿಗೆ ಪತ್ರ ಇರೋ ಫೈಲ್ ಮಾತ್ರ ಡಿಕ್ಕಿಗೆ ಹೋಗಲ್ಲ, ಪಕ್ಕದ ಸೀಟಲ್ಲೇ ಇರಬೇಕು. ಬಟ್ಟೆ ಕಳೆದ್ರೆ ಕೊಳ್ಳಬಹುದು, ಅದು ಕಳೆದ್ರೆ ಸೋಮವಾರ ಕೆಲಸಕ್ಕೆ ಸೇರಿಸಿಕೊಳ್ಳಲ್ಲ.

"ಇಷ್ಟೇನಾ?" ಅಂದೆ.

"ಮೊದಲ ಸಲ ಮಿಕ್ಸಿನೂ ಒಯ್ದಿದ್ದೆ ಕಣೋ. ತಾತ್ಕಾಲಿಕ ಅಂತ ಗೊತ್ತಾಗೋಕೆ ಎರಡು ಗುತ್ತಿಗೆ ಬೇಕಾಯ್ತು."

ಸಾಮಾನಿನ ವಿಷಯದಲ್ಲಿ ಸರಿ. ಮನಸ್ಸಿನ ವಿಷಯದಲ್ಲೂ ಹಾಗೇನಾ? 13 ವಾರಕ್ಕೆ ಎಷ್ಟು ಕಾಳಜಿ ಒಯ್ಯಬೇಕು? ಇದನ್ನ ಕೇಳಿದಾಗ ಅಕ್ಕ ಹಿಂದಿನ ಆಸ್ಪತ್ರೆಯ ಕಥೆ ಹೇಳಿದ್ಲು.

ಅಲ್ಲಿ ಪಾಳಿ ಬದಲಾಗುವಾಗ ನರ್ಸ್‌ಗಳು ಕಾರಿಡಾರಲ್ಲೇ ನಿಂತು ರೋಗಿಯ ವಿವರ ಒಪ್ಪಿಸುತ್ತಿದ್ದರಂತೆ. ಅದನ್ನ ಮಂಚದ ಪಕ್ಕದಲ್ಲಿ ಮಾಡಿದ್ರೆ ಇಬ್ಬರೂ ಸೇರಿ ಡ್ರಿಪ್ ಪಂಪಿನ ವೇಗ, ಗಾಯದ ಕಟ್ಟು ಕಣ್ಣಾರೆ ನೋಡಬಹುದು, ತಪ್ಪಿದ್ರೆ ಅಲ್ಲೇ ಸಿಗುತ್ತೆ. ಅಕ್ಕ ಮೊದಲ ವಾರವೇ ಇದನ್ನ ಗಮನಿಸಿದ್ಲು. ಹೇಳಿದ್ದು ಹತ್ತನೇ ವಾರ. ಗುತ್ತಿಗೆ ಮುಂದುವರಿಯಲಿಲ್ಲ. ಅದೇ ಕಾರಣವೋ, ಅವರಿಗೆ ಜನ ಸಿಕ್ಕಿದ್ರೋ ಅವಳಿಗೆ ಗೊತ್ತಿಲ್ಲ. ಹೇಳಿದ್ದಕ್ಕೆ ಅವಳಿಗೆ ಬೇಜಾರಿಲ್ಲ. ಒಂಬತ್ತು ವಾರ ಬಾಯಿ ಮುಚ್ಚಿಕೊಂಡಿದ್ದಕ್ಕಿದೆ.

ಖಾಯಂ ನರ್ಸ್‌ಗಳ ಕಡೆಯ ಮಾತೂ ಇದೆ. ಅದೇ ಕೆಲಸಕ್ಕೆ ಹೊರಗಿಂದ ಬಂದವರಿಗೆ ಹೆಚ್ಚು ಸಂಬಳ ಸಿಗೋದನ್ನ ಅವರು ನೋಡಿದ್ದಾರೆ. ಮೂರು ತಿಂಗಳಿಗೆ ಹೋಗುವವಳು ಬಂದು "ನೀವು ಮಾಡ್ತಿರೋದು ಸರಿಯಿಲ್ಲ" ಅಂದ್ರೆ ಯಾರಿಗೆ ಸಿಟ್ಟು ಬರಲ್ಲ? ಬದಲಾವಣೆ ತಂದ ಮೇಲೆ ಅದನ್ನ ದಿನಾ ಎಳೆಯೋರು ಅವರೇ. ಹಾಗಾಗಿ "ನಾನು ನಾಲ್ಕು ದಿನದವಳು, ಯಾಕೆ ತಲೆ ಹಾಕಲಿ" ಅನ್ನೋದರಲ್ಲಿ ಸ್ವಲ್ಪ ವಿನಯವೂ ಇದೆ. ಆದರೆ ಮಂಚದ ಮೇಲೆ ಮಲಗಿದವನಿಗೆ ನರ್ಸ್ ಖಾಯಮ್ಮೋ ತಾತ್ಕಾಲಿಕವೋ ಗೊತ್ತಿರಲ್ಲ. ಅವನೂ ಅಲ್ಲಿ ನಾಲ್ಕು ದಿನದವನೇ.

ನನಗೆ ನೆನಪಾದದ್ದು ನಮ್ಮೂರಿನ ಬೇಸಿಗೆ. ಹೊಲ ಖಾಲಿಯಾದ ಮೇಲೆ ಕುರಿ ಮೇಯಿಸೋರು ಬರುತ್ತಿದ್ದರು. ಕತ್ತೆ ಮೇಲೆ ಪಾತ್ರೆ, ಕಂಬಳಿ, ಅಷ್ಟೇ ಸಂಸಾರ. ರಾತ್ರಿ ನಮ್ಮ ಹೊಲದಲ್ಲಿ ಮಂದೆ ನಿಲ್ಲಿಸಿದ್ದಕ್ಕೆ ಅಪ್ಪ ಕಾಳು ಅಳೆದು ಕೊಡುತ್ತಿದ್ದರು. ಗೊಬ್ಬರದಿಂದ ಬೆಳೆದ ಪೈರು ನೋಡೋಕೆ ಅವರು ಇರುತ್ತಿರಲಿಲ್ಲ. ಆದರೂ ದಿನಾ ರಾತ್ರಿ ಮಂದೆಯನ್ನ ಸರಿಸಿ ಸರಿಸಿ, ಹೊಲದ ತುಂಬ ಸಮನಾಗಿ ಗೊಬ್ಬರ ಬೀಳೋ ಹಾಗೆ ನೋಡಿಕೊಳ್ಳುತ್ತಿದ್ದರು. ಒಂದೇ ಮೂಲೆಯಲ್ಲಿ ಬಿಟ್ಟಿದ್ರೆ ಕುರಿಗೇನೂ ವ್ಯತ್ಯಾಸ ಆಗುತ್ತಿರಲಿಲ್ಲ. ಮುಂದಿನ ವರ್ಷ ಬರೋ ಆಸೆ ಇತ್ತು ಅನ್ನಬಹುದು. ಬರದೇ ಹೋದವರೂ ಹಾಗೇ ಮಾಡಿ ಹೋಗಿದ್ದರು.

ನಾನು ಹಾಗೆ ಮಾಡಲಿಲ್ಲ. ಎರಡು ವರ್ಷದ ಹಿಂದೆ ಒಂದು ಪ್ರಾಜೆಕ್ಟ್ ಬಿಡುವ ವಾರ, ನಾನೇ ಬರೆದ ಕೋಡಿನಲ್ಲಿ ಒಂದು ತಪ್ಪು ಕಣ್ಣಿಗೆ ಬಿತ್ತು. ತಿಂಗಳ ಕೊನೆಯ ಒಂದು ವರದಿಯಲ್ಲಿ ಕೆಲವು ಲೆಕ್ಕ ಎರಡು ಸಲ ಸೇರುತ್ತಿತ್ತು. ಸರಿ ಮಾಡೋಕೆ ಎರಡು ದಿನ ಬೇಕಿತ್ತು, ಹೇಳೋಕೆ ಎರಡು ನಿಮಿಷ ಸಾಕಿತ್ತು. "ಶುಕ್ರವಾರ ಹೇಗೂ ಹೋಗ್ತೀನಲ್ಲ" ಅಂದುಕೊಂಡು ಸುಮ್ಮನಾದೆ. ಬೀಳ್ಕೊಡುಗೆ ಕೇಕ್ ಮಾತ್ರ ತಿಂದು ಬಂದೆ.

ನನ್ನ ತಪ್ಪಿಗೆ ಯಾರ ಜೀವವೂ ಹೋಗಲ್ಲ ಅಂತ ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದೆ. ಆ ಸಮಾಧಾನ ಸುಳ್ಳಲ್ಲ. ಆದರೆ ಆ ವಾರ ನಾನು ಜೀವದ ಲೆಕ್ಕ ಹಾಕಿ ಸುಮ್ಮನಾದದ್ದಲ್ಲ. ನನ್ನ ಟಿಕೆಟ್ ನೋಡಿ ಸುಮ್ಮನಾದೆ.

ಅಕ್ಕನ ಕಾರು ಹೋದ ಮೇಲೆ ಮನೆಗೆ ಬಂದು ಹಳೇ ಮ್ಯಾನೇಜರ್‌ಗೆ ಮೇಲ್ ಬರೆದೆ. ತಪ್ಪು ಎಲ್ಲಿದೆ, ಹೇಗೆ ಸರಿಪಡಿಸಬಹುದು, ಮೊದಲೇ ಗೊತ್ತಿತ್ತು ಅನ್ನೋದನ್ನೂ ಸೇರಿಸಿ. ಮೂರು ದಿನ ಕಳೆದ ಮೇಲೆ ಒಂದು ಸಾಲಿನ ಉತ್ತರ ಬಂತು. ಹೋದ ವರ್ಷವೇ ಯಾರೋ ಕಂಡುಹಿಡಿದು ಸರಿ ಮಾಡಿದ್ದರಂತೆ. ಆ ಯಾರೋ ಎಷ್ಟು ರಾತ್ರಿ ನಿದ್ದೆಗೆಟ್ಟರೋ, ಅದನ್ನ ಅವರು ಬರೆದಿರಲಿಲ್ಲ.